ರನ್‌ವೇ ಮುಗಿಯುವ ಮುನ್ನ

ಉದಕಮಂಡಲದಿಂದ ಮಸಿನಗುಡಿಗೆ ಕಲ್ಹಟ್ಟಿ ಘಾಟಿಯಲ್ಲಿ ಇಳಿಯುವ ಚಾಲಕನು ಗೇರನ್ನು ತಗ್ಗಿಸಬೇಕಾದುದು ಇಳಿಜಾರು ಆರಂಭವಾಗುವ ಮೊದಲು. ಬ್ರೇಕು ಕಾದು ಕೈಕೊಟ್ಟ ಮೇಲಲ್ಲ. ಬೆಟ್ಟದವರಾದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ವಿಮಾನಕ್ಕೂ ಇಂಥದೊಂದು ಗಡಿಯುಂಟು.

ಮೇಲೇರಲು ಓಡುವ ವಿಮಾನಕ್ಕೆ ‘ವಿ-ಒನ್’ ಎಂಬ ವೇಗವನ್ನು ಪೈಲಟರು ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ವಿಮಾನದ ತೂಕ, ಗಾಳಿ, ಉಷ್ಣತೆ, ರನ್‌ವೇಯ ಉದ್ದ, ಅದರ ಮೇಲಿನ ನೀರು ಎಲ್ಲವೂ ಆ ಲೆಕ್ಕದೊಳಗೆ ಬರುತ್ತವೆ. ಆ ವೇಗವನ್ನು ಮುಟ್ಟುವ ಮೊದಲು ಎಂಜಿನ್ ಕೆಟ್ಟರೆ ನಿಲ್ಲಿಸಬಹುದು. ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಮೇಲೇರುವುದೇ ಕ್ಷೇಮ. ಏಕೆಂದರೆ ನಿಲ್ಲಲು ರನ್‌ವೇ ಸಾಲದು. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನವು ಕರಗಿದ ಹಿಮದ ಕೆಸರಿನಲ್ಲಿ ಈ ಗಡಿಯನ್ನು ದಾಟಿದ ಮೇಲೆ ವೇಗ ಕಳೆದುಕೊಂಡಿತು. ಏರಲೂ ಆಗದೆ, ನಿಲ್ಲಲೂ ಆಗದೆ ರನ್‌ವೇ ದಾಟಿ ಹೋಯಿತು. ಸತ್ತವರು 23 ಮಂದಿ.

ಕನ್ನಡ ನಾಡಿನ ದುಃಖ 2010ರ ಮೇ 22ರದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ 2,450 ಮೀಟರ್ ರನ್‌ವೇಯ ಬಹುಭಾಗವನ್ನು ಗಾಳಿಯಲ್ಲೇ ಕಳೆದು ನೆಲ ಮುಟ್ಟಿತು. ಅದು ಇಳಿಯುವಾಗಿನ ಅಪಘಾತ, ನಿಜ. ಆದರೆ ಅದರ ಕೊನೆಯ ಕ್ಷಣಗಳಲ್ಲಿ ನಡೆದದ್ದು ಮೇಲೇರುವ ಯತ್ನ. ವೇಗ ತಗ್ಗಿಸಲು ಎಂಜಿನ್‌ಗಳ ಒತ್ತಡವನ್ನು ಹಿಮ್ಮುಖಗೊಳಿಸಿದ ಮೇಲೆ ನಿಲ್ಲಿಸಲೇಬೇಕೆಂಬುದು ನಿಯಮ. ಕ್ಯಾಪ್ಟನ್ ಅದನ್ನು ಮೀರಿ ಮತ್ತೆ ಹಾರಲು ಹೊರಟರು. ರೆಕ್ಕೆಯು ರನ್‌ವೇಯಾಚೆಯ ಆಂಟೆನಾ ಕಟ್ಟೆಗೆ ಬಡಿದು ವಿಮಾನ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕಿದವರು ಎಂಟೇ ಜನ. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅಂದು ದೀಪ ಆರಿತು. ಪೂರ್ಣ ಬ್ರೇಕು ಹಾಕಿದ್ದರೆ ವಿಮಾನವು ರನ್‌ವೇಯೊಳಗೇ ನಿಲ್ಲುತ್ತಿತ್ತೆಂದು ಏರ್ ಮಾರ್ಷಲ್ ಗೋಖಲೆ ಅವರ ವಿಚಾರಣಾ ನ್ಯಾಯಾಲಯ ಕಂಡುಕೊಂಡಿತು. ಇಳಿಯುವುದನ್ನು ಕೈಬಿಡುವಂತೆ ಸಹಪೈಲಟ್ ಮೂರು ಸಲ ಹೇಳಿದ್ದೂ ದಾಖಲಾಗಿದೆ. ನನ್ನನ್ನು ಹೆಚ್ಚು ಕಾಡುವುದು ಇದೇ: ಕಿರಿಯನು ಸರಿಯಾಗಿ ಕಂಡಿದ್ದನು, ಬಾಯಿಬಿಟ್ಟು ಹೇಳಿಯೂ ಇದ್ದನು, ಹಿರಿಯರು ಕೇಳಲಿಲ್ಲ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮಕ್ಕಳ ಮಾತಿಗೆ ಎಷ್ಟು ಬೆಲೆಯಿದೆಯೆಂದು ಕೇಳಿಕೊಳ್ಳಲು ವಿಮಾನವೇ ಬೇಕಿಲ್ಲ.

ಗೂಡಲೂರಿನ ಕಡೆಯಿಂದ ಕೊಲ್ಲಿ ನಾಡುಗಳಿಗೆ ಹೋಗುವವರು ಹತ್ತುವ ಕೋಳಿಕ್ಕೋಡಿನ ನಿಲ್ದಾಣವೂ ಮೇಜಿನಂಥ ಗುಡ್ಡದ ಮೇಲಿನದು. 2020ರ ಆಗಸ್ಟ್ 7ರ ಮಳೆಯಲ್ಲಿ ಅಲ್ಲಿಯೂ ಒಂದು ವಿಮಾನ ಅಂಚು ದಾಟಿ ಬಿದ್ದು 21 ಮಂದಿ ಅಳಿದರು. ಆದುದರಿಂದ ವಕೀಲನಾಗಿ ಎರಡು ಮಾತು. ಅಂತರರಾಷ್ಟ್ರೀಯ ಪಯಣದಲ್ಲಿ ಸಾವು ಸಂಭವಿಸಿದರೆ ಮಾಂಟ್ರಿಯಲ್ ಒಡಂಬಡಿಕೆಯಡಿ, ನಿಗದಿತ ಮಿತಿಯವರೆಗಿನ ಸಾಬೀತಾದ ನಷ್ಟಕ್ಕೆ ಸಂಸ್ಥೆಯ ತಪ್ಪನ್ನು ತೋರಿಸಬೇಕಾದ ಹೊರೆ ಕುಟುಂಬದ ಮೇಲಿಲ್ಲ. ಆ ಮಿತಿಯೇ ಪರಿಹಾರದ ಕೊನೆಯೂ ಅಲ್ಲ: ಮಂಗಳೂರಿನ ಒಂದು ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ 7.64 ಕೋಟಿ ರೂಪಾಯಿ ನಿಗದಿಪಡಿಸಿತು. ಹೀಗಿರುವಾಗ ‘ಇನ್ನು ಬಾಕಿಯೇನೂ ಇಲ್ಲ’ ಎಂಬ ಕಾಗದಕ್ಕೆ, ಓದಿಸಿ ತಿಳಿದುಕೊಳ್ಳದೆ ಸಹಿ ಹಾಕಬಾರದು. ದಾವೆ ಹೂಡಲು ಇರುವ ಅವಧಿ ಎರಡೇ ವರ್ಷ.