ಮನೆ ಮುಂದೆ ತೆರೆದ ಬಾಗಿಲು, ಹಳ್ಳದಲ್ಲಿ ತೆರೆಯಲಿಲ್ಲ

ಕಳೆದ ಏಪ್ರಿಲ್‌ನಲ್ಲಿ ಅಪ್ಪ, ಅವ್ವ ಮಂಡ್ಯದಿಂದ ಅಡಿಲೇಡ್‌ಗೆ ಬಂದಿದ್ರು. ಅವರಿಗೆ ಆಸ್ಟ್ರೇಲಿಯಾದ ಒಳನಾಡು ತೋರಿಸಬೇಕು ಅಂತ ನನಗೆ ಹುಮ್ಮಸ್ಸು. ಮನೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಇತ್ತು. ಅದರ ಹಿಂದೆ ಕಟ್ಟಿಕೊಂಡು ಹೋಗೋಕೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಟ್ರೇಲರ್ ತಗೊಂಡೆ. ಬಿಚ್ಚಿದರೆ ಟೆಂಟು, ಮಡಚಿದರೆ ಪೆಟ್ಟಿಗೆ.

ನನ್ನ ಗಾಡಿಯ ಹಿಂದಿನ ಬಾಗಿಲು ಮೇಲಕ್ಕೆ ಏಳೋದಲ್ಲ, ಪಕ್ಕಕ್ಕೆ ತೆರೆಯೋದು. ಅದರ ಮೇಲೇ ಸ್ಟೆಪ್ನಿ ಕೂತಿರುತ್ತೆ. ನಮ್ಮೂರಲ್ಲಿ ಜಿಮ್ನಿ ನೋಡಿದ್ದರೆ ನಿಮಗೆ ಗೊತ್ತಾಗುತ್ತೆ. ಇಂಥ ಬಾಗಿಲು ತೆರೆಯುವಾಗ ಹಿಂದಕ್ಕೆ ಕಮಾನಿನ ಹಾಗೆ ಸುತ್ತುತ್ತೆ. ಆ ಜಾಗದಲ್ಲೇ ಟ್ರೇಲರ್‌ನ ಡ್ರಾಬಾರ್ ಇರೋದು, ಎತ್ತಿನಗಾಡಿಗೆ ಮೂಕಿ ಇದ್ದ ಹಾಗೆ. ಡ್ರಾಬಾರ್ ಮೇಲೆ ಜಾಕಿ ವೀಲ್, ಹ್ಯಾಂಡ್‌ಬ್ರೇಕ್, ಟೂಲ್ ಬಾಕ್ಸ್, ಜೊತೆಗೆ ಜಲ್ಲಿಕಲ್ಲು ಸಿಡಿಯದಂತೆ ತಡೆಯೋ ಸ್ಟೋನ್ ಗಾರ್ಡ್.

ಹೊರಡೋ ಹಿಂದಿನ ದಿನ ಮನೆ ಮುಂದೆ ಟ್ರೇಲರ್ ಕಟ್ಟಿ ಬಾಗಿಲು ತೆಗೆದು ನೋಡಿದೆ. ಜಾಕಿ ವೀಲ್‌ನ ಹಿಡಿಗೆ ತಾಗಿತು. ಅದನ್ನ ಬಿಚ್ಚಿ ಒಳಗಿಟ್ಟೆ. ಆಮೇಲೆ ಬಾಗಿಲಿನ ಕೆಳ ಅಂಚಿಗೂ ಸ್ಟೋನ್ ಗಾರ್ಡ್‌ಗೂ ಮಧ್ಯೆ ಎರಡು ಬೆರಳಿನಷ್ಟು ಜಾಗ ಉಳೀತು. ನೋಡ್ತಾ ನಿಂತಿದ್ದ ಅಪ್ಪ, 'ಎರಡು ಬೆಳ್ಳು ಸಾಕೇನ್ಲಾ?' ಅಂದ್ರು. 'ಅಪ್ಪಾ, ಟೆಸ್ಟ್ ಮಾಡಿದ್ದೀನಿ' ಅಂದೆ.

ಫ್ಲಿಂಡರ್ಸ್ ರೇಂಜಸ್ ಬೆಟ್ಟಸಾಲಿನ ವಿಲ್ಪೀನ ಪೌಂಡ್ ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 430 ಕಿ.ಮೀ. ದಾರಿ ಚೆನ್ನಾಗಿತ್ತು, ಅವ್ವ ಕಟ್ಟಿಕೊಟ್ಟ ಪುಳಿಯೋಗರೆನೂ ಚೆನ್ನಾಗಿತ್ತು. ಮಾರನೇ ದಿನ ಟೆಂಟ್ ಮಡಚಿ, ಬ್ರಚೀನ ಕಣಿವೆಯ ಮಣ್ಣಿನ ದಾರಿ ಹಿಡಿದ್ವಿ. ಅಲ್ಲಿ ಹಳದಿ ಕಾಲಿನ ರಾಕ್ ವಾಲಬಿಗಳಿವೆ, ಕಾಂಗರೂಗಳ ಸಣ್ಣ ತಂಗಿಯರ ಹಾಗೆ. ಅವು ಕಾಣಲಿ ಅಂತ ಕಿಟಕಿ ಇಳಿಸಿಕೊಂಡಿದ್ವಿ. ಎದುರಿಂದ ಬಂದ ಗಾಡಿಯೊಂದು ಮೋಡದಷ್ಟು ಧೂಳು ಎಬ್ಬಿಸಿ ಹೋಯ್ತು.

ಅವ್ವನಿಗೆ ಆಸ್ತಮಾ ಇದೆ. ಕೆಮ್ಮು ಶುರುವಾಯ್ತು, ಆಮೇಲೆ ಆ ಸಿಳ್ಳೆ ಹೊಡೆದಂಥ ಉಸಿರು. ಒಣಗಿದ ಹಳ್ಳ ದಾಟಿ ಮೇಲೆ ಹತ್ತುತ್ತಿದ್ದವನು ಅಲ್ಲೇ ಬ್ರೇಕ್ ಹಾಕಿದೆ. ಇನ್‌ಹೇಲರ್ ಅವ್ವನ ಬ್ಯಾಗಲ್ಲಿ, ಬ್ಯಾಗು ಡಿಕ್ಕಿಯಲ್ಲಿ. ಬೆಳಗ್ಗೆ ಎಲ್ಲಾ ನೀಟಾಗಿ ಜೋಡಿಸಿದ್ದವನು ನಾನೇ. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಕಬ್ಬಿಣದ ಜಾಲರಿ, ಬೆರಳು ತೂರುತ್ತೆ, ಕೈ ತೂರಲ್ಲ.

ಓಡಿಹೋಗಿ ಬಾಗಿಲು ಎಳೆದೆ. ಒಂದು ಗೇಣು ತೆರೆದು ಸ್ಟೋನ್ ಗಾರ್ಡ್‌ಗೆ 'ಟಣ್' ಅಂತ ಬಡಿದು ನಿಂತಿತು. ಮತ್ತೆ ಎಳೆದೆ, ಮತ್ತೆ ಟಣ್. ಮೊಬೈಲಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಟ್ರೇಲರ್ ಬಿಚ್ಚಿಬಿಡೋಣ ಅಂತ ಕಪ್ಲಿಂಗ್‌ಗೆ ಕೈ ಹಾಕಿದೆ. 1,400 ಕೆಜಿ ಟ್ರೇಲರ್, ಇಳಿಜಾರು, ಜಾಕಿ ವೀಲ್ ಕೂಡ ಬಾಗಿಲೊಳಗೆ. ಬಿಚ್ಚಿದ್ದರೆ ಏನಾಗ್ತಿತ್ತು ಅಂತ ಈಗಲೂ ಯೋಚಿಸೋಕೆ ಆಗಲ್ಲ.

ಅಪ್ಪ ನನ್ನ ರಟ್ಟೆ ಹಿಡಿದು ಎಳೆದ್ರು. 'ಲೇ, ಗಾಡಿ ಹಳ್ಳದಲ್ಲಿ ಮಡಚಿಕೊಂಡದೆ ಕಣ್ಲಾ. ಸಪಾಟು ನೆಲಕ್ಕೆ ತಗೊ.' ಮೂವತ್ತು ವರ್ಷ ಟ್ರ್ಯಾಕ್ಟರ್ ಹಿಂದೆ ಕಬ್ಬು ಕಟ್ಟಿಕೊಂಡು ಫ್ಯಾಕ್ಟರಿಗೆ ಹೋದವರು ಅವರು.

ಮೂವತ್ತು ಮೀಟರ್ ಮುಂದೆ ನೆಲ ಸಮ ಇತ್ತು. ಬಾಗಿಲು ಮನೆ ಮುಂದೆ ತೆರೆದ ಹಾಗೇ ತೆರೀತು. ಅವ್ವ ಪಫ್ ತಗೊಂಡು, ನನ್ನ ಹೆಂಡತಿಯ ಕೈ ಹಿಡಿದು ನೆಟ್ಟಗೆ ಕೂತ್ರು. ಉಸಿರು ತಹಬಂದಿಗೆ ಬರೋಕೆ ಹತ್ತು ಹದಿನೈದು ನಿಮಿಷ ಬೇಕಾಯ್ತು. ನಾವ್ಯಾರೂ ಮಾತಾಡಲಿಲ್ಲ.

ಅಡಿಲೇಡ್‌ಗೆ ಬಂದ ಮೇಲೆ ಪೇಪರ್ ಪೆನ್ನು ಹಿಡಿದು ಕೂತೆ. ಇಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದರೂ ಬರಲಿ ಅಂತ. ಟೋ ಬಾಲ್ ಅಂದ್ರೆ ಒಂದು ಕೀಲು. ಕಾರಿನ ಮೂಗು ಮೇಲೆ ಹತ್ತುತ್ತಾ, ಟ್ರೇಲರ್ ಇನ್ನೂ ಹಳ್ಳದ ತಳದಲ್ಲೇ ಇದ್ದರೆ ಆ ಕೀಲು ಮಡಚುತ್ತೆ. ಬಾಲ್‌ನಿಂದ 60 ಸೆಂ.ಮೀ. ಹಿಂದಿರುವ ಸ್ಟೋನ್ ಗಾರ್ಡ್, 10 ಡಿಗ್ರಿ ಮಡಚಿದರೆ ಕಾರಿನ ಲೆಕ್ಕದಲ್ಲಿ ಸುಮಾರು 10 ಸೆಂ.ಮೀ. ಮೇಲೆ ಬರುತ್ತೆ. ನನ್ನ ಹತ್ರ ಇದ್ದದ್ದು ಎರಡು ಬೆರಳು! ಸಾಲದ್ದಕ್ಕೆ ನಾನು ಟೆಸ್ಟ್ ಮಾಡಿದ್ದು ಖಾಲಿ ಗಾಡಿ. ಸಾಮಾನು ತುಂಬಿ, ಟ್ರೇಲರ್‌ನ ಭಾರವೂ ಬಿದ್ದರೆ ಕಾರಿನ ಹಿಂಭಾಗ ಕುಸಿಯುತ್ತೆ, ಸಮ ನೆಲದಲ್ಲೇ ಕೀಲು ಸ್ವಲ್ಪ ಮಡಚುತ್ತೆ.

ಉದ್ದದ ಟೋ ಹಿಚ್ ಹಾಕಿಸಿದರೆ ಸುಲಭ ಅಂತ ಮೊದಲು ಅನ್ನಿಸಿತ್ತು. ಆದರೆ ಅದು ಸನ್ನೆಕೋಲಿನ ಆಟ. ನನ್ನ ಗಾಡಿಯಲ್ಲಿ ಬಾಲ್ ಮೇಲೆ 140 ಕೆಜಿ ಕೂತರೆ ಹಿಂದಿನ ಆಕ್ಸಲ್ ಮೇಲೆ ಬೀಳೋದು ಸುಮಾರು 200 ಕೆಜಿ, ಮುಂದಿನ ಚಕ್ರಗಳಿಂದ 60 ಕೆಜಿ ಕಮ್ಮಿಯಾಗುತ್ತೆ. ಹಿಚ್ ಉದ್ದ ಆದಷ್ಟೂ ಮುಂದಿನ ಚಕ್ರ ಹಗುರ, ಸ್ಟಿಯರಿಂಗೂ ಬ್ರೇಕೂ ಸಡಿಲ. ಅದರ ಬದಲು ಸ್ಟೋನ್ ಗಾರ್ಡ್‌ನ ಎತ್ತರ ಕತ್ತರಿಸಿ, ಟೂಲ್ ಬಾಕ್ಸನ್ನ ಡ್ರಾಬಾರ್ ಮೇಲೇ ಒಂದು ಗೇಣು ಹಿಂದಕ್ಕೆ ಕೂರಿಸಿದೆ. ಟ್ರೇಲರ್‌ನ ತೀರಾ ಬಾಲಕ್ಕೆ ಸಾಗಿಸಲಿಲ್ಲ. ಅಲ್ಲಿ ಭಾರ ಜಾಸ್ತಿಯಾದರೆ ಹೈವೇಯಲ್ಲಿ ಟ್ರೇಲರ್ ಹಾವಿನಂತೆ ಓಲಾಡುತ್ತೆ.

ಈಗ ಹೊರಡೋ ಮುಂಚೆ ಪೂರ್ತಿ ಲೋಡ್ ಮಾಡಿಯೇ ಟೆಸ್ಟು. ಸಮ ನೆಲದಲ್ಲಿ ಒಂದು ಸಲ, ಎಡಕ್ಕೆ ಬಲಕ್ಕೆ ತಿರುಗಿಸಿ ಒಂದೊಂದು ಸಲ, ಕಾರು ಉಬ್ಬಿನ ಮೇಲೆ ನಿಲ್ಲಿಸಿ ಒಂದು ಸಲ. ಎಲ್ಲ ಕಡೆ ಬಾಗಿಲು ತೆರೆದರೂ ಔಷಧಿ, ನೀರು, ಫಸ್ಟ್ ಏಡ್ ಬಾಕ್ಸ್ ಮಾತ್ರ ಆ ಬಾಗಿಲಿನ ಹಿಂದೆ ಹೋಗಲ್ಲ.

'ನನ್ನ ಮಷೀನ್‌ನಲ್ಲಿ ಕೆಲಸ ಮಾಡ್ತಿದೆಯಲ್ಲ' ಅನ್ನೋ ಜೂನಿಯರ್‌ಗಳನ್ನ ನೋಡಿ ಆಫೀಸಲ್ಲಿ ನಗೋನು ನಾನು. ಅಪ್ಪನಿಗೆ ಕೊಟ್ಟ ಉತ್ತರ ಅದೇ ಆಗಿತ್ತು.

ಬಾಗಿಲಿನ ಕೆಳ ಅಂಚಲ್ಲಿ ಎರಡು ನೆಗ್ಗು ಹಾಗೇ ಇವೆ. ಸರಿ ಮಾಡಿಸಿಲ್ಲ. ಮೊನ್ನೆ ವಿಡಿಯೋ ಕಾಲಲ್ಲಿ ಅವ್ವ ಕೇಳಿದ್ರು, 'ಆ ಕಾಂಗರೂ ತಂಗೀನ ನೋಡ್ಲೇ ಇಲ್ವಲ್ಲೋ, ಮುಂದಿನ ಸಲ ಬಂದಾಗ ಕರ್ಕೊಂಡೋಗ್ತೀಯಾ?'

ಕರ್ಕೊಂಡು ಹೋಗ್ತೀನಿ. ಬ್ಯಾಗು ಅವರ ಮಡಿಲಲ್ಲೇ ಇರುತ್ತೆ.