ಗಂಟು ಕಟ್ಟುವ ಮುನ್ನ

ಬೀದರಿನ ನೌಬಾದದಲ್ಲಿ, ಅಂತೆಯೇ ಭಾಲ್ಕಿ, ಔರಾದ ಕಡೆಯ ಅನೇಕ ಮನೆಗಳಲ್ಲಿ ಈಗ ಗಣಕಯಂತ್ರವಿದೆ. ಮಕ್ಕಳ ಅಂಕಪಟ್ಟಿ, ಹೊಲದ ಪಹಣಿ, 371(ಜೆ) ಅರ್ಹತಾ ಪ್ರಮಾಣಪತ್ರ, ಲಗ್ನದ ಭಾವಚಿತ್ರಗಳು, ಹಿರಿಯರಿಂದ ಕೇಳಿ ಬರೆದುಕೊಂಡ ತತ್ವಪದಗಳು ಎಲ್ಲವೂ ಅದರೊಳಗೆ ಸೇರಿವೆ. ಇವನ್ನು ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸುವಾಗ, ಇಲ್ಲವೆ ಪೆನ್‌ಡ್ರೈವಿನಲ್ಲಿ ಕಾಯ್ದಿರಿಸುವಾಗ, ಹಲವು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟಿ ಕುಗ್ಗಿಸುವ ತಂತ್ರಾಂಶ ಬೇಕಾಗುತ್ತದೆ. ವಿನ್‌ಜಿಪ್, ವಿನ್‌ರಾರ್, 7-ಜಿಪ್ ಇವುಗಳಲ್ಲಿ ಯಾವುದು ಲೇಸು ಎಂದು ಕೇಳುವವರು, ಯಾವುದು ಹೆಚ್ಚು ಕುಗ್ಗಿಸುತ್ತದೆ ಎಂಬುದನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಎರಡನೆಯ ಮಾತು. ಕಟ್ಟಿದ ಗಂಟನ್ನು ಬಿಚ್ಚುವವರು ಯಾರು, ಎಷ್ಟು ವರ್ಷಗಳ ತರುವಾಯ ಬಿಚ್ಚುವರು ಎಂಬುದು ಮೊದಲನೆಯ ಮಾತು.

ಕುಗ್ಗಿಸುವ ಕ್ರಮವನ್ನು ಮೊದಲು ತಿಳಿಯೋಣ. ಕೀರ್ತನೆಗಳ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಅಚ್ಚು ಮಾಡಿ, ಪ್ರತಿ ನುಡಿಯ ಕೊನೆಗೆ ‘ಪ’ ಎಂಬ ಗುರುತನ್ನಷ್ಟೇ ಹಾಕುವುದನ್ನು ವಾಚಕರು ಕಂಡಿದ್ದಾರೆ. ಹಾಡುವವನು ಆ ಗುರುತನ್ನು ನೋಡಿ ಪಲ್ಲವಿಯನ್ನು ಪೂರ್ತಿಯಾಗಿ ಹಾಡುತ್ತಾನೆ, ಒಂದಕ್ಷರವೂ ನಷ್ಟವಾಗುವುದಿಲ್ಲ. ಲೆಂಪೆಲ್ ಮತ್ತು ಜಿವ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ: ಹಿಂದೆ ಬಂದ ಮಾತು ಮತ್ತೆ ಬಂದರೆ ಅದನ್ನು ಬರೆಯದೆ, ಅದು ಬಂದ ಸ್ಥಳವನ್ನು ಮಾತ್ರ ಸೂಚಿಸುವುದು. ಕನ್ನಡ ಬರಹಕ್ಕೆ ಇದರಿಂದ ವಿಶೇಷ ಲಾಭವುಂಟು. ಯುಟಿಎಫ್-8 ಎಂಬ ಇಂದಿನ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ‘ಕೂಡಲಸಂಗಮದೇವಾ’ ಎಂಬ ಅಂಕಿತವೊಂದೇ 36 ಬೈಟುಗಳನ್ನು ಹಿಡಿಯುತ್ತದೆ. ಒಂದೇ ಅಂಕಿತ ಮರಳಿ ಮರಳಿ ಬರುವ ವಚನಗಳ ಫೈಲು ಚೆನ್ನಾಗಿ ಕುಗ್ಗುವುದು ಸಹಜವೇ.

ಆದರೆ ಭಾವಚಿತ್ರಗಳ ಮಾತು ಬೇರೆ. ಜೆಪಿಇಜಿ ರೂಪದ ಚಿತ್ರ ತಾನಾಗಿಯೇ ಮೊದಲೇ ಕುಗ್ಗಿಸಲ್ಪಟ್ಟಿರುತ್ತದೆ. ವಿಡಿಯೋ ಸಹ ಹಾಗೆಯೇ. ಇವನ್ನು ಯಾವ ತಂತ್ರಾಂಶಕ್ಕೆ ಒಪ್ಪಿಸಿದರೂ ಗಾತ್ರ ಹೆಚ್ಚೇನೂ ಇಳಿಯದು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು? ಮನೆಯ ಸಂಗ್ರಹದಲ್ಲಿ ಬಹುಪಾಲು ಇಂಥವೇ ಇರುವುದರಿಂದ, ಗಾತ್ರದ ಪೈಪೋಟಿಯಲ್ಲಿ ಯಾವ ತಂತ್ರಾಂಶ ಗೆದ್ದರೂ ಗೃಹಸ್ಥರಿಗೆ ಆಗುವ ಉಪಯೋಗ ಅಲ್ಪ.

ಇನ್ನು ಬಿಚ್ಚುವವರ ಪ್ರಶ್ನೆ. ಬೀದರ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1948ರವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉರ್ದುವಿನ ಹಾಗೂ ಮೋಡಿ ಲಿಪಿಯ ಕಾಗದಗಳು ಇಂದಿಗೂ ಉಂಟು. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ. ಆದರೆ ಮನೆಯವರಿಗೆ ಓದಲು ಬಾರದು. ಹೊಲದ ಎಲ್ಲೆಯ ವ್ಯಾಜ್ಯ ಬಂದಾಗ ಓದುವವರನ್ನು ಹುಡುಕಿಕೊಂಡು ಅಲೆಯಬೇಕು. ಗಣಕಯಂತ್ರದ ಗಂಟಿಗೂ ಇದೇ ಗತಿ ಬರಬಹುದು. ಫೈಲು ಕೈಯಲ್ಲಿದ್ದರೂ ಅದನ್ನು ಬಿಚ್ಚುವ ತಂತ್ರಾಂಶ ದೊರೆಯದಿದ್ದರೆ ಒಳಗಿರುವ ಪಹಣಿ ಇದ್ದೂ ಇಲ್ಲದಂತೆ.

ಈ ದೃಷ್ಟಿಯಿಂದ ಜಿಪ್ ರೂಪವೇ ಗೃಹಸ್ಥರಿಗೆ ಯೋಗ್ಯವೆಂದು ನಾವು ಹೇಳುತ್ತೇವೆ. ಫಿಲ್ ಕಾಟ್ಜ್ ಎಂಬ ಅಮೆರಿಕದ ತಂತ್ರಜ್ಞ 1989ರಲ್ಲಿ ಇದರ ರಚನೆಯ ವಿವರವನ್ನು ಎಲ್ಲರೂ ಬಳಸುವಂತೆ ಬಹಿರಂಗಪಡಿಸಿದನು. ಆದಕಾರಣ ಯಾರು ಬೇಕಾದರೂ ಇದನ್ನು ಬಿಚ್ಚುವ ತಂತ್ರಾಂಶ ಬರೆಯಬಹುದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಜಿಪ್ ಕಟ್ಟುವ, ಬಿಚ್ಚುವ ಸೌಕರ್ಯ ಅಡಕವಾಗಿತ್ತು. ಇಂದಿನ ವಿಂಡೋಸಿನಲ್ಲಿಯೂ ಇದೆ. ಹೀಗಾಗಿ ಸಾಮಾನ್ಯ ಕೆಲಸಕ್ಕೆ ಬೇರೆ ತಂತ್ರಾಂಶವೇ ಬೇಕಾಗಿಲ್ಲ. ಹೆಚ್ಚಿನ ಸೌಲಭ್ಯ ಬೇಕೆನ್ನುವವರು ಇಗೋರ್ ಪಾವ್ಲೊವ್ 1999ರಲ್ಲಿ ಹೊರತಂದ 7-ಜಿಪ್ ಬಳಸಬಹುದು. ಇದು ಉಚಿತ, ಅದರ ಒಳರಚನೆಯೂ ಬಹುತೇಕ ಬಹಿರಂಗ. ಇದರ 7ಝಡ್ ರೂಪ ಜಿಪ್‌ಗಿಂತ ಸಾಮಾನ್ಯವಾಗಿ ಹೆಚ್ಚು ಕುಗ್ಗಿಸುತ್ತದೆ. ಆದರೆ ಅದು ಹಲವು ಫೈಲುಗಳನ್ನು ಒಂದೇ ಮುದ್ದೆಯಾಗಿ ಕಟ್ಟುವುದರಿಂದ ಒಂದೆಡೆ ಕೆಟ್ಟರೆ ಹಲವು ಕೆಡಬಹುದು. ಜಿಪ್‌ನಲ್ಲಿ ಪ್ರತಿ ಫೈಲನ್ನೂ ಬೇರೆಯಾಗಿ ಕುಗ್ಗಿಸಲಾಗುತ್ತದೆ. ಆದುದರಿಂದ 7-ಜಿಪ್ ಬಳಸಿದರೂ ಜಿಪ್ ರೂಪದಲ್ಲಿಯೇ ಉಳಿಸುವುದು ಕ್ಷೇಮ.

ವಿನ್‌ರಾರ್ ಸಮರ್ಥವಾದುದೇ. ಆದರೆ ಅದು ಉಚಿತವಲ್ಲ. 40 ದಿನಗಳ ಪರೀಕ್ಷಾರ್ಥ ಬಳಕೆಯ ಬಳಿಕ ಹಣ ಕೊಟ್ಟು ಕೊಳ್ಳಬೇಕೆಂಬುದು ಅದರ ನಿಯಮ. ಅವಧಿ ಮುಗಿದ ಮೇಲೂ ಅದು ಕೆಲಸ ನಿಲ್ಲಿಸದೆ ಜ್ಞಾಪಿಸುತ್ತದೆಯಷ್ಟೆ. ಬಾಗಿಲು ತೆರೆದಿದೆಯೆಂದು ಒಳನುಗ್ಗುವುದು ಕಾಯಕನಿಷ್ಠರಿಗೆ ಸಲ್ಲದು. ಅದು ಬರೆದವನ ದುಡಿಮೆ. ಬೇಕಾದರೆ ಬೆಲೆ ತೆತ್ತು ಬಳಸೋಣ. ಇಲ್ಲವಾದರೆ ಉಚಿತವಾಗಿ ನೀಡಿದುದನ್ನು ಕೃತಜ್ಞತೆಯಿಂದ ಸ್ವೀಕರಿಸೋಣ.

ಯಾವುದನ್ನೇ ಆರಿಸಿದರೂ ಅದನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು, ಆಗಾಗ ಹೊಸ ಆವೃತ್ತಿ ಹಾಕಿಕೊಳ್ಳಬೇಕು. ವಿನ್‌ರಾರ್‌ನಲ್ಲಿ ಸುಮಾರು 19 ವರ್ಷಗಳಿಂದ ಅಡಗಿದ್ದ ದೋಷವೊಂದು 2019ರಲ್ಲಿ ಬೆಳಕಿಗೆ ಬಂದಿತು. 7-ಜಿಪ್‌ನಲ್ಲಿಯೂ ದೋಷಗಳು ಕಂಡುಬಂದು ತಿದ್ದಲ್ಪಟ್ಟಿವೆ. ಅಪರಿಚಿತರು ಕಳುಹಿಸಿದ ಗಂಟನ್ನು ಬಿಚ್ಚಲೇಬಾರದು. ಗುಪ್ತಪದ ಹಾಕಿದರೆ ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಮರೆತರೆ ಬೇರೆ ದಾರಿಯಿಲ್ಲವೆಂದೇ ತಿಳಿಯಬೇಕು.

ಕೊನೆಯದಾಗಿ, ಗಂಟು ಕಟ್ಟಿದೆವೆಂದು ಮೂಲ ಫೈಲುಗಳನ್ನು ಅಂದೇ ಅಳಿಸಬಾರದು. ಗಂಟನ್ನು ಬೇರೊಂದು ಗಣಕಯಂತ್ರಕ್ಕೆ ಒಯ್ದು ಬಿಚ್ಚಿ, ನಾಲ್ಕಾರು ಫೈಲುಗಳನ್ನು ತೆರೆದು ಓದಿ ನೋಡಬೇಕು. ಕನ್ನಡದಲ್ಲಿ ಇಟ್ಟ ಹೆಸರುಗಳು ಕೆಡದೆ ಬಂದಿವೆಯೇ ಎಂಬುದನ್ನೂ ಗಮನಿಸಬೇಕು. ಎರಡು ಪ್ರತಿಗಳನ್ನು ಎರಡು ಸ್ಥಳಗಳಲ್ಲಿ ಇಟ್ಟು, ಒಳಗೆ ಏನಿದೆಯೆಂದು ಒಂದು ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟರೆ ಗೃಹಸ್ಥರ ಕರ್ತವ್ಯ ಪೂರ್ಣವಾದಂತೆ.