ತೆರೆಯದ ಕಡತಗಳಿಗೆ ಹಳೆಯ ಕಂಪ್ಯೂಟರೇ ಕೀಲಿ

ದರೋಜಿಯ ಬುರ್ರಕಥಾ ಈರಮ್ಮ ಓದು-ಬರಹ ಕಲಿತವರಲ್ಲ. ರಾತ್ರಿಯಿಡೀ ಹಾಡಿದರೂ ಮುಗಿಯದಂಥ ಕಾವ್ಯಗಳು ಅವರ ನೆನಪಿನಲ್ಲಿದ್ದವು. ಅವುಗಳಲ್ಲಿ ಕೆಲವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕವಾಗಿ ತಂದಿತು, ಈರಮ್ಮನವರಿಗೆ ನಾಡೋಜ ಗೌರವವನ್ನೂ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಬಾಯಲ್ಲಿದ್ದ ಹಾಡು ಪುಸ್ತಕವಾಗಬೇಕಾದರೆ ಧ್ವನಿಮುದ್ರಣ, ಕೇಳಿ ಬರೆದುಕೊಳ್ಳುವುದು, ಕರಡು ತಿದ್ದುವುದು, ಅಕ್ಷರ ಜೋಡಣೆ ಹೀಗೆ ಹಲವು ಹಂತ ದಾಟಬೇಕು. 1990ರ ದಶಕದಲ್ಲಿ ಈ ಕೊನೆಯ ಹಂತ ಸೀಸದ ಮೊಳೆಗಳನ್ನು ಬಿಟ್ಟು ಕಂಪ್ಯೂಟರಿಗೆ ಬಂತು. ವಿದ್ವತ್ ಗ್ರಂಥಗಳಷ್ಟೇ ಅಲ್ಲ, ಹೊಸಪೇಟೆ, ಕಂಪ್ಲಿ, ಸಂಡೂರಿನ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆಗಳೂ ಹಾಗೆಯೇ ಸಿದ್ಧವಾಗತೊಡಗಿದವು.

ಆ ಕಾಲದ ಕಡತಗಳನ್ನು ಇವತ್ತಿನ ಕಂಪ್ಯೂಟರಿಗೆ ಕೊಟ್ಟರೆ ಹೆಚ್ಚಿನವು ತೆರೆಯುವುದೇ ಇಲ್ಲ. ತೆರೆದರೂ ಕನ್ನಡ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಾಣುತ್ತವೆ. ಜಗತ್ತಿನ ಎಷ್ಟೋ ಕಡೆ ಹಳೆಯ ಕಂಪ್ಯೂಟರ್ ರಿಪೇರಿ ಮಾಡಿ ನಡೆಸುವುದು ಒಂದು ಹವ್ಯಾಸ. ಕನ್ನಡಕ್ಕೆ ಅದು ಹವ್ಯಾಸಕ್ಕಿಂತ ಹೆಚ್ಚಿನದು. ಏಕೆಂದು ತಿಳಿಯಲು ಪರದೆಯ ಮೇಲೆ ಅಕ್ಷರ ಹೇಗೆ ಮೂಡುತ್ತದೆ ಎಂಬುದನ್ನು ಮೊದಲು ನೋಡಬೇಕು.

1980ರ ದಶಕದ ಸಾಮಾನ್ಯ ಪಿಸಿಯ ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ. ಅಕ್ಷರಗಳ ಆಕಾರಗಳು ಯಂತ್ರದೊಳಗಿನ ಚಿಪ್ಪಿನಲ್ಲೇ ಕೊರೆದಿಟ್ಟಂತೆ ಇರುತ್ತಿದ್ದವು, ಅವೂ ಇಂಗ್ಲಿಷಿನವು. ವಿಜಿಎ ಪರದೆಯಲ್ಲಿ ಕೂಡ ಒಂದು ಅಕ್ಷರದ ಆಕಾರಕ್ಕೆ ಸಿಗುತ್ತಿದ್ದ ಜಾಗ 8 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಅಷ್ಟರಲ್ಲಿ ಬರೆಯಲು ನೋಡಿ: ಸಕಾರ, ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು, ಪಕ್ಕದಲ್ಲಿ ದೀರ್ಘ. ಅದು ಹಿಡಿಸುವ ಜಾಗವಲ್ಲ. ಹಾಗಾಗಿ ಆಗ ಪರದೆಯಲ್ಲಿ ಭಾರತೀಯ ಲಿಪಿ ಬೇಕೆಂದರೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನಂಥ ಹೆಚ್ಚುವರಿ ಯಂತ್ರಭಾಗವನ್ನು ಪಿಸಿಯೊಳಗೆ ಕೂರಿಸಬೇಕಾಗುತ್ತಿತ್ತು.

ಈ ಕಟ್ಟು ಸಡಿಲಿಸಿದ್ದು ಚಿತ್ರರೂಪದ ಕಾರ್ಯವ್ಯವಸ್ಥೆ, ಅಂದರೆ ಆಜ್ಞೆಗಳನ್ನು ಬೆರಳಚ್ಚಿಸುವ ಬದಲು ಕಿಟಕಿ, ಚಿತ್ರ, ಮೌಸ್ ಮೂಲಕ ಕೆಲಸ ಮಾಡಿಸುವ ತಂತ್ರಾಂಶ. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದ ಆಲ್ಟೊ ಯಂತ್ರದಲ್ಲಿ ಇದರ ರೂಪುರೇಷೆ ಮೂಡಿತು. 1984ರ ಆ್ಯಪಲ್ ಮ್ಯಾಕಿಂಟಾಶ್ ಅದನ್ನು ಜನರ ಮೇಜಿಗೆ ತಂದಿತು. ಮೈಕ್ರೋಸಾಫ್ಟಿನ ವಿಂಡೋಸ್ 1985ರಲ್ಲೇ ಬಂದಿದ್ದರೂ ನಮ್ಮ ಕಡೆಯ ಅಂಗಡಿಗಳ ಕೆಲಸಕ್ಕೆ ಒದಗಿದ್ದು 1992ರ ವಿಂಡೋಸ್ 3.1 ಮತ್ತು 1995ರ ವಿಂಡೋಸ್ 95. ಇಲ್ಲಿ ಇಡೀ ಪರದೆಯೇ ಒಂದು ಚಿತ್ರ. ಅಕ್ಷರವೂ ಚಿತ್ರವೇ. ಅದರ ಆಕಾರ ಚಿಪ್ಪಿನಿಂದ ಬರುವುದಿಲ್ಲ, ಫಾಂಟ್ ಎಂಬ ಕಡತದಿಂದ ಬರುತ್ತದೆ. ಫಾಂಟ್ ಬದಲಿಸಿದರೆ ಲಿಪಿಯೇ ಬದಲು! ಹೆಚ್ಚುವರಿ ಕಾರ್ಡಿಲ್ಲದೆ ಕನ್ನಡ ಪರದೆಗೆ ಬಂತು. ಕಂಡದ್ದನ್ನು ಕಂಡಂತೆಯೇ ಅಚ್ಚು ಹಾಕುವ ಪೇಜ್‌ಮೇಕರ್‌ನಂಥ ತಂತ್ರಾಂಶವೂ ಸೇರಿದ್ದರಿಂದ ಮೊಳೆ ಜೋಡಿಸುವ ಕೆಲಸ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಆದರೆ ಒಂದು ಮಿತಿ ಉಳಿದಿತ್ತು. ಆಗಿನ ಫಾಂಟನ್ನು ಮೊಳೆ ಜೋಡಿಸುವವರ ಮುಂದಿದ್ದ ಅಂಕಣಗಳ ಪೆಟ್ಟಿಗೆ ಎಂದುಕೊಳ್ಳಿ. ಅದರಲ್ಲಿದ್ದ ಅಂಕಣಗಳು ಒಟ್ಟು 256, ಬಳಕೆಗೆ ಸಿಗುವುದು ಅದಕ್ಕಿಂತ ಕಡಿಮೆ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನು ಇಡಿಯಾಗಿ ಇಡಲು ಅಷ್ಟು ಸಾಲದು. ಆದ್ದರಿಂದ ಅಕ್ಷರವನ್ನು ತುಂಡು ಮಾಡಿ, ಮೈ ಒಂದು ಅಂಕಣದಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ ಇಟ್ಟರು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿ, ಅದನ್ನೇ ಇಂಗ್ಲಿಷ್ ಫಾಂಟಿಗೆ ಬದಲಿಸಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ದೊಡ್ಡ ‘ಪಿ’ ಬರುತ್ತದೆ, ಅದು ತಲೆಕಟ್ಟಿಲ್ಲದ ಕಕಾರದ ಮೈ. ನಂತರ ನೆತ್ತಿಯ ಮೇಲೆ ಓರೆಗೆರೆಯಿರುವ ‘ಎ’, ಅದು ತಲೆಕಟ್ಟು. ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಅದು ನಕಾರದ ಮೈ. ಮತ್ತೆ ತಲೆಕಟ್ಟು, ನಂತರ ಜರ್ಮನ್ ಭಾಷೆಯ ಒಂದು ಅಕ್ಷರದ ಜಾಗದಲ್ಲಿ ನ ಒತ್ತು, ಬಳಿಕ ಡಕಾರದ ಮೈ, ಕೊನೆಗೆ ಪುನಃ ತಲೆಕಟ್ಟು. ಹೀಗೆ ಒಟ್ಟು ಏಳು ತುಂಡು.

ಯಾವ ತುಂಡು ಯಾವ ಅಂಕಣದಲ್ಲಿರಬೇಕು ಎಂಬುದನ್ನು ಪ್ರತಿ ತಯಾರಕರೂ ತಮಗೆ ತೋಚಿದಂತೆ ತೀರ್ಮಾನಿಸಿದ್ದರು. ಒಂದು ಕಂಪನಿಯ ಫಾಂಟಿನಲ್ಲಿ ಸಿದ್ಧವಾದ ಪುಟ ಇನ್ನೊಂದರಲ್ಲಿ ಅರ್ಥವಾಗದು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಶಿಷ್ಟತೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸಾಮಾನ್ಯ ಪಿಸಿಯಲ್ಲಿ ಅದು ನೆಮ್ಮದಿಯಾಗಿ ನಡೆಯತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಮುದ್ರಣದವರು ಅದಾದ ಮೇಲೂ ಬಹುಕಾಲ ಹಳೆಯ ಫಾಂಟುಗಳನ್ನೇ ಬಳಸಿದರು. ಒಂದು ತಲೆಮಾರಿನ ಕನ್ನಡ ಬರಹ ಈ ತುಂಡುಗಳ ರೂಪದಲ್ಲಿ ಉಳಿದುಬಿಟ್ಟದ್ದು ಹೀಗೆ.

ಹೊಸ ಕಂಪ್ಯೂಟರಿನೊಳಗೇ ಹಳೆಯದನ್ನು ಅನುಕರಿಸುವ ಡಾಸ್‌ಬಾಕ್ಸ್‌ನಂಥ ತಂತ್ರಾಂಶಗಳಿವೆ, ಅವುಗಳಲ್ಲಿ ವಿಂಡೋಸ್ 3.1 ಚೆನ್ನಾಗಿಯೇ ಓಡುತ್ತದೆ. ಹಾಗಾದರೆ ಹಳೆಯ ಯಂತ್ರವೇ ಏಕೆ ಬೇಕು? ಮೊದಲ ಕಾರಣ ಫ್ಲಾಪಿ, ಅದನ್ನು ಓದುವ ಡ್ರೈವ್ ಇಂದಿನ ಯಂತ್ರಗಳಲ್ಲಿಲ್ಲ. ಎರಡನೆಯದು ಬೀಗ. ಆಗಿನ ಹಲವು ಡಿಟಿಪಿ ತಂತ್ರಾಂಶಗಳ ಜೊತೆ ಪ್ರಿಂಟರ್ ಕಿಂಡಿಗೆ ಸಿಕ್ಕಿಸುವ ಡಾಂಗಲ್ ಎಂಬ ಸಣ್ಣ ಸಾಧನ ಬರುತ್ತಿತ್ತು. ಅದು ಇದ್ದರಷ್ಟೇ ತಂತ್ರಾಂಶ ಕೆಲಸ ಮಾಡುತ್ತಿತ್ತು. ಆ ಕಿಂಡಿಯೂ ಈಗಿನ ಲ್ಯಾಪ್‌ಟಾಪಿನಲ್ಲಿಲ್ಲ.

ಅಟ್ಟದ ಮೇಲೆ ಬಿದ್ದ ಪಿಸಿ ಸಿಕ್ಕಿದ ಕೂಡಲೇ ಸ್ವಿಚ್ ಒತ್ತಬಾರದು. ಮುಚ್ಚಳ ತೆಗೆದು ಮೊದಲು ನೋಡಬೇಕಾದದ್ದು ಬ್ಯಾಟರಿ. 386, 486 ಕಾಲದ ಮದರ್‌ಬೋರ್ಡುಗಳಲ್ಲಿ ಪುಟ್ಟ ಪೀಪಾಯಿಯಂತೆ ಕಾಣುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಾರೆ. ವರ್ಷಗಳಾದಂತೆ ಅದು ಸೋರಿ, ಕ್ಷಾರ ಹರಿದು, ಸುತ್ತಲಿನ ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ. ಬ್ಯಾಟರಿಯನ್ನು ಕಿತ್ತು, ವಿನೆಗರ್ ಅಥವಾ ನಿಂಬೆರಸ ತಾಗಿಸಿದ ಹತ್ತಿಯಿಂದ ಆ ಜಾಗ ಒರೆಸಿ, ಆಲ್ಕೋಹಾಲಿನಿಂದ ತೊಳೆದು ಒಣಗಿಸಬೇಕು. ತುಂಡಾದ ಗೆರೆಯಿದ್ದರೆ ಸಣ್ಣ ತಂತಿ ಬೆಸೆಯಬೇಕು. ಸಂಡೂರು-ಹೊಸಪೇಟೆ ಭಾಗದಲ್ಲಿ ಅದಿರಿನ ಕೆಂಪು ದೂಳು ಯಂತ್ರದೊಳಗೂ ಪದರಗಟ್ಟಿ ಬಿಸಿಯನ್ನು ಹೊರಹೋಗಗೊಡದು. ಅದನ್ನು ಒಣ ಬ್ರಷ್ಷಿನಿಂದಲೇ ತೆಗೆಯಬೇಕು. ಪವರ್ ಸಪ್ಲೈಯ ವೋಲ್ಟೇಜನ್ನು ಮದರ್‌ಬೋರ್ಡಿಗೆ ಜೋಡಿಸುವ ಮೊದಲೇ ಅಳೆಯಬೇಕು. ಹಳೆಯ ಗಾಜಿನ ಮಾನಿಟರನ್ನು ಮಾತ್ರ ತಿಳಿಯದವರು ಬಿಚ್ಚಲೇಬಾರದು: ಆರಿಸಿದ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಬ್ಯಾಟರಿ ಹೋದ ಯಂತ್ರ ತನ್ನ ಹಾರ್ಡ್‌ಡಿಸ್ಕನ್ನೇ ಮರೆತಿರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸಂಖ್ಯೆಗಳನ್ನು ಸೆಟಪ್ ಪರದೆಯಲ್ಲಿ ಕೈಯಾರೆ ತುಂಬಬೇಕು. ಡಿಸ್ಕ್ ಕೆಟ್ಟಿದ್ದರೆ ಸಣ್ಣ ಅಡಾಪ್ಟರ್ ಹಾಕಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಅದರ ಜಾಗದಲ್ಲಿ ಕೂರಿಸಬಹುದು. ಇಷ್ಟೆಲ್ಲ ಆಗಿ ವಿಂಡೋಸ್ 3.1 ಎದ್ದು ನಿಂತಾಗ ಆಗುವ ಸಂತೋಷ ದೊಡ್ಡದು. ಕೆಲವೇ ಎಂಬಿ ಮೆಮೊರಿಯಲ್ಲಿ ಇಡೀ ಪುಸ್ತಕ ಕಟ್ಟುತ್ತಿದ್ದ ಯಂತ್ರ ಅದು.

ಫ್ಲಾಪಿ ಹಾಕುವ ಮೊದಲು ಅದರ ಮೂಲೆಯ ಪುಟ್ಟ ಜಾರುಗುಂಡಿಯನ್ನು ಸರಿಸಿ ಕಿಂಡಿ ತೆರೆಯಬೇಕು. ಆಗ ಫ್ಲಾಪಿಯ ಮೇಲೆ ಯಾರೂ ಏನೂ ಬರೆಯಲಾರರು. ಇದು ಅತಿಯಾದ ಎಚ್ಚರವೇನಲ್ಲ, ಏಕೆಂದರೆ ವಿಂಡೋಸ್ 95 ಫ್ಲಾಪಿಯನ್ನು ಬರೇ ತೆರೆದು ನೋಡಿದರೂ ಅದರ ಮೊದಲ ಭಾಗದಲ್ಲಿ ತನ್ನ ಗುರುತು ಬರೆದುಬಿಡುತ್ತದೆ. ಫಂಗಸ್ ಕಂಡರೆ ಡ್ರೈವಿಗೆ ಹಾಕಲೇಬೇಡಿ, ಅದು ಓದುವ ತಲೆಗೆ ಅಂಟಿ ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. 1.44 ಎಂಬಿಯ ಇಡೀ ಫ್ಲಾಪಿಯನ್ನು ಒಂದೇ ಕಡತವಾಗಿ ನಕಲು ಮಾಡಿಕೊಂಡು, ಮುಂದಿನ ಕೆಲಸವನ್ನೆಲ್ಲ ಆ ನಕಲಿನ ಮೇಲೆ ಮಾಡಬೇಕು.

ಪಠ್ಯ ಕೈಗೆ ಬಂದ ಮೇಲೆ ಅದನ್ನು ಯೂನಿಕೋಡಿಗೆ ಬದಲಿಸಲು ಪರಿವರ್ತಕ ತಂತ್ರಾಂಶಗಳಿವೆ. ಅವು ಎಡವುವ ಜಾಗ ಗೊತ್ತಿರಬೇಕು. ‘ಧರ್ಮ’ ಪದದ ಅರ್ಕಾವೊತ್ತು ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವಂತೆ ಮಕಾರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರವೇ ಮೊದಲು. ಪರಿವರ್ತಕ ಈ ಸ್ಥಾನಪಲ್ಲಟ ಮಾಡದಿದ್ದರೆ ಪದವೇ ಕೆಡುತ್ತದೆ. ಆದ್ದರಿಂದ ಮೂಲ ಪುಟ ಹೇಗಿತ್ತೆಂದು ಹಳೆಯ ಯಂತ್ರದ ಪರದೆಯಲ್ಲಿ ನೋಡಿ ತಾಳೆ ಹಾಕುವುದು ಅಗತ್ಯ.

ಅಚ್ಚಾದ ಪುಸ್ತಕ ಇರುವಾಗ ಕಡತ ಏಕೆ ಎಂದು ಕೇಳಬಹುದು. ಪುಸ್ತಕವನ್ನು ಸ್ಕ್ಯಾನ್ ಮಾಡಿದರೆ ಚಿತ್ರ ಸಿಗುತ್ತದೆ, ಕಡತದಿಂದ ಹುಡುಕಬಲ್ಲ, ತಿದ್ದಬಲ್ಲ, ಮರುಮುದ್ರಿಸಬಲ್ಲ ಪಠ್ಯ ಸಿಗುತ್ತದೆ. ಅಚ್ಚಾಗದೇ ಉಳಿದ ಕರಡುಗಳಂತೂ ಬೇರೆಲ್ಲೂ ಇರುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಅಲ್ಲೇ ಒಂದೆರಡು ಹಳೆಯ ಪಿಸಿಗಳನ್ನು ಆ ಕಾಲದ ಫಾಂಟು, ತಂತ್ರಾಂಶ, ಡಾಂಗಲುಗಳೊಂದಿಗೆ ಸುಸ್ಥಿತಿಯಲ್ಲಿಟ್ಟು, ಜನ ತರುವ ಫ್ಲಾಪಿಗಳನ್ನು ಓದಿಕೊಡುವ ಏರ್ಪಾಡಾದರೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಖರ್ಚು ದೊಡ್ಡದಲ್ಲ, ಬೇಕಾಗಿರುವುದು ಕೆಲಸ ಬಲ್ಲವರ ಸಮಯ. ಆಗಿನ ಡಿಟಿಪಿ ಕೆಲಸಗಾರರು ಇನ್ನೂ ನಮ್ಮ ಊರುಗಳಲ್ಲೇ ಇದ್ದಾರೆ, ಯಾವ ಫಾಂಟು ಯಾವುದೆಂದು ನೋಡಿದೊಡನೆ ಹೇಳಬಲ್ಲರು. ನಿಮ್ಮ ಮನೆಯಲ್ಲೋ ಪ್ರೆಸ್ಸಿನಲ್ಲೋ ಫ್ಲಾಪಿ ಡಬ್ಬಿ, ಪ್ರಿಂಟರ್ ಕಿಂಡಿಯ ಡಾಂಗಲ್, ಹಳೆಯ ಸಿಪಿಯು ಇದ್ದರೆ ಗುಜರಿಗೆ ಹಾಕಬೇಡಿ. ಫ್ಲಾಪಿಗಳನ್ನು ಒಣ ಜಾಗದಲ್ಲಿ ನಿಲ್ಲಿಸಿಡಿ, ಯಾವ ಪುಸ್ತಕ, ಯಾವ ಫಾಂಟು ಎಂಬುದು ನೆನಪಿದ್ದರೆ ಇವತ್ತೇ ಚೀಟಿಯಲ್ಲಿ ಬರೆದು ಅಂಟಿಸಿ.